ಕೋವಿಯ ನಳಿಗೆಯೂ ಗುಂಡಿನ ಅಳತೆಯೂ

‘ಕೋವಿ’ ಎಂಬ ಶಬ್ದಕ್ಕೆ ಕೊಳವೆ ಎಂಬ ಅರ್ಥವೂ ಉಂಟು. ಹಳೆಯ ಸೈನಿಕ ಕೋವಿಗಳ ಗುರಿಯನ್ನು ವಿಚಾರಿಸುವವರು ಈ ಅರ್ಥವನ್ನು ಮರೆಯತಕ್ಕದ್ದಲ್ಲ. ಗುಂಡು ಕೊಳವೆಗೆ ಒಪ್ಪಬೇಕು. ಒಪ್ಪದಿದ್ದರೆ ಗುರಿಕಾರನ ಕೈ ಎಷ್ಟು ಸ್ಥಿರವಾಗಿದ್ದರೂ ಪ್ರಯೋಜನವಿಲ್ಲ. ಕೋವಿಗೆ ರೂಢಿಯಲ್ಲಿ ಹೇಳುವ ಅಳತೆ, ನಳಿಗೆಯ ನಿಜವಾದ ಅಳತೆ, ಗುಂಡಿನ ಅಳತೆ ಇವು ಮೂರೂ ಬೇರೆ ಬೇರೆ. ಇವನ್ನು ಒಂದೆಂದು ತಿಳಿದರೆ ಗುರಿಕಾರನಿಗೆ ಗುರಿಯೂ ಚರಿತ್ರಕಾರನಿಗೆ ನಿರ್ಣಯವೂ ತಪ್ಪುವುವು.

ಮಂಡ್ಯದ ಸೀಮೆಯಲ್ಲಿಯೇ ಇದಕ್ಕೆ ಉದಾಹರಣೆಯುಂಟು. 1799ರ ಮಾರ್ಚಿಯಲ್ಲಿ ಜನರಲ್ ಹ್ಯಾರಿಸನ ಸೈನ್ಯವು ಮದ್ದೂರು ಹೊಳೆಯನ್ನು ದಾಟಿ ಮಳವಳ್ಳಿಗೆ ಬರಲು, 27ರಂದು ಟಿಪ್ಪು ಸುಲ್ತಾನನು ಅಲ್ಲಿ ಅದನ್ನೆದುರಿಸಿ ಹಿಮ್ಮೆಟ್ಟಿದನು. ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಉಭಯ ಪಕ್ಷಗಳ ಕಾಲ್ದಳಕ್ಕೂ ಮುಖ್ಯಾಯುಧವು ಒಳಮೈ ನುಣುಪಾದ ಚಕಮಕಿ ಕೋವಿ. ಆಂಗ್ಲರ ಕೋವಿಯ ನಳಿಗೆ ಸುಮಾರು 0.75 ಅಂಗುಲ, ಅದರ ಗುಂಡು 0.69 ಅಂಗುಲ ಮಾತ್ರ. ಫ್ರೆಂಚರ ಕೋವಿಯ ನಳಿಗೆ 0.69, ಗುಂಡು ಸುಮಾರು 0.65. ಈ ಸಡಿಲವು ಬೇಕೆಂದೇ ಇಟ್ಟದ್ದು. ಕೆಲವು ಸಲ ಹಾರಿಸುವಷ್ಟರಲ್ಲಿ ಕರಿಮದ್ದಿನ ಮಸಿ ನಳಿಗೆಯನ್ನು ಕಟ್ಟುತ್ತಿದ್ದುದರಿಂದ, ಬಿಗಿಯಾದ ಗುಂಡನ್ನು ಬೇಗನೆ ತುಂಬುವುದಾಗುತ್ತಿರಲಿಲ್ಲ. ಆದರೆ ಸಡಿಲವಾದ ಗುಂಡು ನಳಿಗೆಯೊಳಗೆ ಅತ್ತಿತ್ತ ತಾಕುತ್ತ ಬಂದು, ಕಡೆಯ ತಾಕಿನಂತೆ ಹೊರಕ್ಕೆ ಓರೆಯಾಗಿ ಹೋಗುವುದು. ಸಾಲುಗಟ್ಟಿ ಸಮೀಪದಿಂದ ಒಮ್ಮೆಗೇ ಹಾರಿಸುವ ಪದ್ಧತಿಗೆ ಇದೂ ಒಂದು ಕಾರಣ.

ಸುರುಳಿಯಾಗಿ ಗೀರು ಕೊರೆದ ರೈಫಲಿನಲ್ಲಿ ಇದಕ್ಕೆ ವಿರುದ್ಧವಾದ ನಿಯಮ. ಗುಂಡು ಗೀರನ್ನು ಹಿಡಿದು ತಿರುಗಿದರೆ ಮಾತ್ರ ನೆಟ್ಟಗೆ ಹಾರುವುದು. ಸುಲಭವಾಗಿ ತುಂಬುವುದು, ಬಿಗಿಯಾಗಿ ಹಿಡಿಯುವುದು ಎಂಬ ಎರಡನ್ನೂ 1849ರ ಮೀನಿಯೇ ಗುಂಡು ಹೊಂದಿಸಿತು: ಟೊಳ್ಳಾದ ಅದರ ಬುಡವು ಮದ್ದಿನ ಒತ್ತಡಕ್ಕೆ ಅರಳಿ ಗೀರಿಗೆ ಕಚ್ಚುತ್ತಿದ್ದಿತು.

ಇಂಡಿಯಾದ ಸೈನ್ಯದಲ್ಲಿಯೂ ಪೋಲೀಸಿನಲ್ಲಿಯೂ ಬಹುಕಾಲ ಬಳಕೆಯಲ್ಲಿದ್ದ ಲೀ-ಎನ್‌ಫೀಲ್ಡ್ ರೈಫಲಿನ ಹೆಸರಿನ ಅಳತೆ 0.303 ಅಂಗುಲ. ಅದು ಗೀರುಗಳ ನಡುವಣ ದಿಣ್ಣೆಯಿಂದ ದಿಣ್ಣೆಗೆ ಇರುವ ಅಂತರ. ಗೀರಿನ ತಳದಿಂದ ತಳಕ್ಕೆ ಅಳೆದರೆ ಹೆಚ್ಚು. ಆದ್ದರಿಂದ ಗುಂಡು ಸುಮಾರು 0.311. ಸವೆದ ನಳಿಗೆಯಲ್ಲಿ ತಳದ ಅಳತೆ 0.316ನ್ನು ಮುಟ್ಟುವುದೂ ಉಂಟು. ಹೀಗಿರುವಾಗ ಹೆಸರನ್ನು ನೋಡಿ ಗುಂಡನ್ನು ಆರಿಸಬಾರದು. ಕೋವಿ ಬರಿದಾಗಿದೆಯೆಂದು ಖಚಿತಮಾಡಿಕೊಂಡು, ಮೆತ್ತನೆಯ ಸೀಸದ ತುಂಡನ್ನು ನಳಿಗೆಯಲ್ಲಿ ನೂಕಿ ಹೊರತೆಗೆದು ಅದನ್ನಳೆಯಬೇಕು. ಸೀಸದ ಗುಂಡಾದರೆ ಆ ಅಳತೆಗಿಂತ ಒಂದೆರಡು ಸಾವಿರಾಂಶ ದಪ್ಪವಾಗಿರುವುದು ಉತ್ತಮ. ಲೋಹದ ಹೊದಿಕೆಯ ಗುಂಡಾದರೆ, ಸವೆದ ನಳಿಗೆಗೆ ಹಿಂಬದಿ ಕಿರಿದಾದುದಕ್ಕಿಂತ ಚಪ್ಪಟೆಯಾದುದು ಸಾಮಾನ್ಯವಾಗಿ ಮೇಲು. 1910ರ ಏಳನೆಯ ಮಾದರಿಯ 174 ಗ್ರೇನಿನ ಗುಂಡು ಅಂತಹುದು.

ಉದ್ದವನ್ನೂ ನೋಡಬೇಕು. ಗುಂಡು ಉದ್ದವಾದಷ್ಟೂ ಗೀರಿನ ತಿರುವು ತೀವ್ರವಾಗಿರಬೇಕೆಂಬ ಸೂತ್ರವನ್ನು ಗ್ರೀನ್‌ಹಿಲ್ ಎಂಬ ಗಣಿತಜ್ಞನು 1879ರಲ್ಲಿ ಕೊಟ್ಟನು. 10 ಅಂಗುಲಕ್ಕೊಂದು ಸುತ್ತುಳ್ಳ ಲೀ-ಎನ್‌ಫೀಲ್ಡಿಗೆ ಆ ಸೂತ್ರದಂತೆ ಸುಮಾರು 1.45 ಅಂಗುಲದವರೆಗಿನ ಗುಂಡು ಒಪ್ಪುವುದು.

ಇದೇ ವಿವೇಚನೆಯು ಚರಿತ್ರಕ್ಕೂ ಸಲ್ಲುವುದು. ಕಾಳಗದ ನೆಲದಲ್ಲಿ 0.69 ಅಂಗುಲದ ಗುಂಡು ಸಿಕ್ಕಿದರೆ, ಫ್ರೆಂಚ್ ನಳಿಗೆಯ ಅಳತೆಗೆ ಸರಿಹೋಯಿತೆಂದು ಅದನ್ನು ಫ್ರೆಂಚ್ ಕೋವಿಯದೆನ್ನುವುದು ಸುಲಭ. ವಾಸ್ತವವಾಗಿ ಆ ಗುಂಡು ಆ ನಳಿಗೆಯಲ್ಲಿ ಇಳಿಯುವುದೇ ದುಸ್ತರ. ಅದು ಆಂಗ್ಲರ ಕೋವಿಗೆ ಒಪ್ಪುವ ಗುಂಡು. ತಾಕಿ ಚಪ್ಪಟೆಯಾದ ಗುಂಡಿನಲ್ಲಿ ವ್ಯಾಸವು ಕೆಟ್ಟಿದ್ದರೂ ತೂಕವು ಬಹುಮಟ್ಟಿಗೆ ಉಳಿದಿರುತ್ತದೆ. 0.69 ಅಂಗುಲದ ಸೀಸದ ಗುಂಡು ಸುಮಾರು 32 ಗ್ರಾಂ, 0.65 ಅಂಗುಲದ್ದು ಸುಮಾರು 27 ಗ್ರಾಂ ತೂಗುವುದು. ಆದುದರಿಂದ ಗುಂಡು ಯಾರ ಕೋವಿಯದೆಂದು ಹೇಳುವ ಮೊದಲು ಅದನ್ನು ತಕ್ಕಡಿಯಲ್ಲಿಡುವುದು ಅವಶ್ಯಕ.