ನಿಂತ ಕಾರಿಗೆ ಹೊದಿಕೆ ಬೇಕೆ?

ಮಕ್ಕಳು ದೂರದೇಶಗಳಲ್ಲಿ ನೆಲಸಿರುವ ಮನೆಗಳಲ್ಲಿ ಈಗ ಒಂದು ಹೊಸ ಪದ್ಧತಿಯು ಬೆಳೆದುಬಂದಿದೆ. ತಂದೆತಾಯಿಗಳು ಬೇಸಗೆಯ ಕೊನೆಯಲ್ಲಿ ಮಗನ ಮನೆಗೋ ಮಗಳ ಬಾಣಂತನಕ್ಕೋ ಸಮುದ್ರ ದಾಟಿ ಹೋಗಿ, ದೀಪಾವಳಿಯ ಹೊತ್ತಿಗೆ ಹಿಂದಿರುಗುವರು. ನಮ್ಮ ನಾಡಿನ ಮಳೆಗಾಲವೆಲ್ಲವೂ ಈ ನಡುವೆ ಕಳೆದುಹೋಗುವುದು. ಹಾಲಿನವನಿಗೆ ಹೇಳಿಯಾಯಿತು, ತುಳಸಿಗೆ ನೀರೆರೆಯಲು ನೆರೆಮನೆಯವರನ್ನು ಒಪ್ಪಿಸಿಯಾಯಿತು, ಬೀಗದ ಕೈಯನ್ನು ತಮ್ಮನ ವಶಕ್ಕೆ ಕೊಟ್ಟೂ ಆಯಿತು. ಕಟ್ಟಕಡೆಗೆ ಅಂಗಳದಲ್ಲಿ ನಿಂತಿರುವ ಕಾರಿನ ಮುಂದೆ ವಾದ ಹುಟ್ಟುವುದು. "ಇದನ್ನು ಹೀಗೆಯೇ ಬಿಟ್ಟುಹೋಗುವುದೆ? ಏನನ್ನಾದರೂ ಹೊದಿಸಿರಿ" ಎಂದು ಗೃಹಿಣಿಯು ಹೇಳುವಳು. "ಹೊದಿಸಿದರೆ ಒಳಗೊಳಗೇ ಕೊಳೆಯುವುದು, ಸುಮ್ಮನಿರು" ಎಂದು ಯಜಮಾನನು ಉತ್ತರ ಕೊಡುವನು. ಇಬ್ಬರ ಮಾತಿನಲ್ಲಿಯೂ ಸತ್ಯವಿರುವುದರಿಂದಲೇ ಈ ವಾದವು ಮುಗಿಯುವುದಿಲ್ಲ.

ಮಧ್ಯಮ ವರ್ಗದ ಸಂಸಾರದಲ್ಲಿ ಮನೆ ಮತ್ತು ಒಡವೆಗಳನ್ನು ಬಿಟ್ಟರೆ ಕಾರಿನಷ್ಟು ಬೆಲೆಬಾಳುವ ವಸ್ತು ಮತ್ತೊಂದಿರುವುದು ಅಪೂರ್ವ. ನಿವೃತ್ತಿಯ ಹಣದಿಂದ ಕೊಂಡ ಕಾರಾದರೆ, ಅದು ಕೆಟ್ಟಿತೆಂದು ಇನ್ನೊಂದನ್ನು ಕೊಳ್ಳುವ ಮಾತೇ ಇಲ್ಲ. ಆದುದರಿಂದ ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ವಿಚಾರಮಾಡುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ.

ಮೊದಲು ಗೃಹಿಣಿಯ ಪಕ್ಷವನ್ನು ನೋಡೋಣ. ಬಯಲಿನಲ್ಲಿ ನಿಂತ ಕಾರಿಗೆ ಮೇಲಿನಿಂದ ಬರುವ ಉಪದ್ರವಗಳು ಬಹಳ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಬಣ್ಣದ ಮೇಲಣ ಪಾರದರ್ಶಕ ಲೇಪವನ್ನು ವರ್ಷಗಳ ಮೇಲೆ ಶಿಥಿಲಗೊಳಿಸುವುವು. ಕಿಟಕಿಯಂಚಿನ ರಬ್ಬರನ್ನು ಬಿರಿಯಿಸುವುವು. ಹಕ್ಕಿಗಳ ಹಿಕ್ಕೆಯಿಂದಾಗುವ ಹಾನಿಯು ಇದಕ್ಕಿಂತಲೂ ಶೀಘ್ರವಾದುದು. ಹಿಕ್ಕೆಯಲ್ಲಿ ಆಮ್ಲವುಂಟು, ಅದಲ್ಲದೆ, ಬಿಸಿಲಿನಲ್ಲಿ ಮೆತ್ತಗಾದ ಲೇಪವು ಸಂಜೆ ತಣ್ಣಗಾಗುತ್ತ ಗಟ್ಟಿಯಾಗುವಾಗ, ಒಣಗಿ ಅಂಟಿಕೊಂಡ ಹಿಕ್ಕೆಯ ಅಚ್ಚು ಅದರಲ್ಲಿ ಉಳಿದುಬಿಡುವುದು. ಅದೇ ದಿನ ತೊಳೆದರೆ ಹೋಗುವ ಕಲೆಯು ನಾಲ್ಕು ತಿಂಗಳು ಉಳಿದರೆ ಶಾಶ್ವತವಾಗುವುದು. ಮಾವಿನ ಮರದ ಕೆಳಗೆ ಕಾರು ನಿಲ್ಲಿಸುವವರಿಗೆ ಹೂವಿನ ಕಾಲದಲ್ಲಿ ಜಿಗಿಹುಳುಗಳು ಸುರಿಸುವ ಅಂಟುರಸದ ಪರಿಚಯವಿದ್ದೇ ಇದೆ; ಅದರ ಮೇಲೆ ಧೂಳು ಕುಳಿತು, ಬಳಿಕ ಕಪ್ಪು ಬೂಷ್ಟು ಬೆಳೆಯುವುದು. ಇಂಥವುಗಳಿಗೆಲ್ಲ ಹೊದಿಕೆಯು ಒಳ್ಳೆಯ ಪರಿಹಾರವೇ ಸರಿ. ತೆಂಗಿನಕಾಯಿ ಬಿದ್ದರೆ ಮಾತ್ರ ಯಾವ ಬಟ್ಟೆಯೂ ಕಾಯಲಾರದು. ತೆಂಗಿನ ಮರದ ಬುಡದಲ್ಲಿ ಕಾರು ಬಿಟ್ಟುಹೋಗುವವರೊಡನೆ ಈ ಚರ್ಚೆಯೇ ವ್ಯರ್ಥ.

ಯಜಮಾನನ ಪಕ್ಷವು ತೇವಕ್ಕೆ ಸಂಬಂಧಪಟ್ಟುದು. ತೇವವೆಂದರೆ ಮಳೆಯ ನೀರೊಂದೇ ಎಂದು ಅನೇಕರು ತಿಳಿದಿರುವರು. ಬಿಸಿ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ ಸ್ವಲ್ಪ ಹೊತ್ತಿನ ಮೇಲೆ ತೆಗೆದು ನೋಡಿದರೆ, ತಟ್ಟೆಯ ಒಳಮೈಯಲ್ಲಿ ನೀರು ತೊಟ್ಟಿಕ್ಕುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಆ ನೀರು ಹೊರಗಿನಿಂದ ಬಂದುದಲ್ಲ. ನೆಲದಿಂದಲೂ ಗಾಳಿಯಿಂದಲೂ ಹೊದಿಕೆಯೊಳಗೆ ಸೇರಿದ ಆವಿಯ ವಿಷಯವೂ ಹೀಗೆಯೇ. 30 ಡಿಗ್ರಿ ಸೆಲ್ಸಿಯಸ್ ಶಾಖದ ಒಂದು ಘನ ಮೀಟರ್ ಗಾಳಿಯು ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿರಬಲ್ಲುದು. 20 ಡಿಗ್ರಿಗೆ ತಣಿದರೆ ಸುಮಾರು 17 ಗ್ರಾಂ ಮಾತ್ರವೇ. ಉಳಿದ 13 ಗ್ರಾಂ ಎಲ್ಲಿಗೆ ಹೋಗಬೇಕು? ರಾತ್ರಿ ತಣ್ಣಗಾದ ಹೊದಿಕೆಯ ಒಳಮೈಯಲ್ಲಿ ಹನಿಯಾಗಿ ನಿಲ್ಲುವುದು. ಹೊದಿಕೆಯು ಕಾರಿಗೆ ತಾಗಿರುವಲ್ಲಿ ಬಣ್ಣದ ಮೇಲೆಯೇ ನಿಲ್ಲುವುದು. ಹಗಲು ಮತ್ತೆ ಆವಿ, ರಾತ್ರಿ ಮತ್ತೆ ನೀರು. ನಾಲ್ಕು ತಿಂಗಳು ಈ ಕ್ರಮವು ತಪ್ಪದೆ ನಡೆದರೆ ಬಣ್ಣದ ಮೇಲೆ ಮಸಕು ಕವಿಯುವುದು. ಹಿಂದೆ ಪೆಟ್ಟುಬಿದ್ದು ಮರಳಿ ಬಣ್ಣ ಬಳಿಸಿದ ಜಾಗದಲ್ಲಿ ಗುಳ್ಳೆಗಳೇಳುವುದೂ ಉಂಟು.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಸುರಿಯಬೇಕೆಂಬುದಿಲ್ಲ. ಗಾಳಿಯ ತೇವಾಂಶವು ಒಂದು ಮಿತಿಯನ್ನು ದಾಟಿದೊಡನೆ ತುಕ್ಕಿನ ವೇಗವು ಥಟ್ಟನೆ ಏರುವುದೆಂದು ಇಂಗ್ಲೆಂಡಿನ ವರ್ನನ್ ಎಂಬ ವಿಜ್ಞಾನಿಯು 1930ರ ದಶಕದಲ್ಲಿಯೇ ಪ್ರಯೋಗಗಳಿಂದ ತೋರಿಸಿದನು. ಆ ಮಿತಿಯು ಸುಮಾರು ಶೇಕಡಾ 60. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಮಳೆಗಾಲದ ಗಾಳಿಯು ಇದಕ್ಕಿಂತ ಬಹಳ ಮೇಲೆಯೇ ಇರುವುದು. ಜೊತೆಗೆ ಕಡಲಿನ ಉಪ್ಪು. ಆಷಾಢದಲ್ಲಿ ಉಪ್ಪಿನ ಜಾಡಿಯು ತಾನೇ ತಾನಾಗಿ ನೀರೊಡೆಯುವುದನ್ನು ನೋಡಿದವರಿಗೆ, ಕಾರಿನ ಅಡಿಯಲ್ಲಿ ಅಂಟಿದ ಉಪ್ಪು ಏನು ಮಾಡುತ್ತಿರಬಹುದೆಂದು ಹೇಳಬೇಕಾಗಿಲ್ಲ. ತುಕ್ಕು ಮೊದಲು ಹಿಡಿಯುವುದು ಈ ಅಡಿಭಾಗದಲ್ಲಿಯೇ, ಮತ್ತು ಬ್ರೇಕಿನ ತಟ್ಟೆಗಳಲ್ಲಿ. ಹೊದಿಕೆಯು ಅಲ್ಲಿಗೆ ತಲಪುವುದೇ ಇಲ್ಲ; ನೆಲದವರೆಗೆ ಇಳಿಬಿದ್ದು ಅಲ್ಲಿನ ಗಾಳಿಯ ಓಡಾಟವನ್ನು ತಡೆಯುವುದೊಂದೇ ಅದರ ಕೆಲಸ.

ನಮ್ಮ ಕಡೆ ಕೈಗೆ ಸುಲಭವಾಗಿ ಸಿಕ್ಕುವುದೆಂದರೆ ನೀಲಿಯ ಅಥವಾ ಹಳದಿಯ ಪ್ಲಾಸ್ಟಿಕ್ ಟಾರ್ಪಾಲು. ಸೌದೆಗೆ, ಅಡಕೆಗೆ, ಸೋರುವ ಮಾಡಿಗೆ ಅದು ಉತ್ತಮವಾದುದು. ಕಾರಿಗೆ ಮಾತ್ರ ಮೈತಾಗುವಂತೆ ಅದನ್ನು ಎಂದಿಗೂ ಹೊದಿಸಲಾಗದು. ಆವಿಯನ್ನು ಹೊರಕ್ಕೆ ಬಿಡದ ವಸ್ತುವಿನಿಂದ ಸುತ್ತುವುದಕ್ಕಿಂತ ಬರಿಯ ಮೈಯಲ್ಲಿ ಮಳೆಗೆ ನಿಲ್ಲಿಸುವುದೇ ಲೇಸೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಮಳೆಯ ನೀರು ಹರಿದುಹೋಗುವುದು, ಗಾಳಿ ಬೀಸಿದರೆ ಮೈ ಒಣಗುವುದು. ಟಾರ್ಪಾಲಿನೊಳಗೆ ಸೇರಿದ ನೀರಿಗೆ ದಾರಿಯೇ ಇಲ್ಲ.

ನಮ್ಮ ಹಿರಿಯರು ಈ ವಿಷಯವನ್ನು ಅರಿತಿದ್ದರೆಂದು ಕಾಣುವುದು. ಎತ್ತಿನ ಗಾಡಿಯನ್ನು ಅವರು ಮಳೆಗಾಲದಲ್ಲಿ ಸುತ್ತಿಡುತ್ತಿರಲಿಲ್ಲ; ನಾಲ್ಕು ಕಡೆಯೂ ಗಾಳಿಯಾಡುವ ಕೊಟ್ಟಿಗೆಯಲ್ಲಿ ನಿಲ್ಲಿಸುತ್ತಿದ್ದರು. ಕರಾವಳಿಯಲ್ಲಿ ಈಗಲೂ ನೋಡಬಹುದು: ಮಳೆಗಾಲದಲ್ಲಿ ಕಡಲಿಗಿಳಿಯದ ದೋಣಿಗಳನ್ನು ದಡಕ್ಕೆಳೆದು, ಮರದ ತುಂಡುಗಳ ಮೇಲೆ ನೆಲದಿಂದ ಎತ್ತಿ ನಿಲ್ಲಿಸಿ, ಮೇಲೆ ಹೆಣೆದ ಮಡಲಿನ ಮಾಡು ಕಟ್ಟುವರು. ಮಡಲಿಗೂ ದೋಣಿಗೂ ನಡುವೆ ಗಾಳಿಗೆ ಎಡೆಯುಂಟು. ಗದ್ದೆಯಲ್ಲಿ ನಾಟಿಮಾಡುವ ಹೆಂಗಸರು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಗೊರಬೂ ಇದೇ ತತ್ತ್ವದ್ದು. ಅದು ಮಳೆಯನ್ನು ತಡೆಯುವುದು, ಆದರೆ ಮೈಗೆ ಅಂಟುವುದಿಲ್ಲ. ಮಾಡು ಬೇರೆ, ಹೊದಿಕೆ ಬೇರೆ. ಕಾರಿಗೆ ಮಾಡನ್ನು ಒದಗಿಸಬಲ್ಲವರು ಹೊದಿಕೆಯ ಚಿಂತೆಯನ್ನು ಬಿಡಬಹುದು. ನಾಲ್ಕು ಕಂಬ, ಮೇಲೆ ತಗಡು, ಸುತ್ತಲೂ ಬಯಲು—ಇಷ್ಟು ಸಾಕು. ಟಾರ್ಪಾಲು ಕೂಡ ಇಲ್ಲಿ ಸಲ್ಲುವುದು, ಕಾರಿನ ಮೇಲೆ ಎರಡು ಮೂರು ಅಡಿ ಎತ್ತರದಲ್ಲಿ ಇಳಿಜಾರಾಗಿ ಬಿಗಿದು ಕಟ್ಟಿದರೆ.

ಈ ವಾದವು ನಮ್ಮ ದೇಶದಲ್ಲಿ ಮಾತ್ರವೇ ನಡೆಯುವುದೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಮನೆಗಳುಂಟು. ಕ್ಯಾರವಾನ್ ಎಂದು ಹೆಸರು. ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯನು 1885ರಲ್ಲಿ ಬ್ರಿಸ್ಟಲಿನ ಕಾರ್ಖಾನೆಯಲ್ಲಿ ಮಾಡಿಸಿದ, ಎರಡು ಕುದುರೆಗಳೆಳೆಯುವ 'ವಾಂಡರರ್' ಎಂಬ ಗಾಡಿಯಿಂದ ಈ ವಿಹಾರದ ಹವ್ಯಾಸವು ಆರಂಭವಾಯಿತೆನ್ನುವರು. 1907ರಲ್ಲಿ ಅವರದೊಂದು ಸಂಘವೇ ಹುಟ್ಟಿತು. ಚಳಿಗಾಲವೆಲ್ಲ ಈ ಗಾಲಿಮನೆಗಳು ಸುಮ್ಮನೆ ನಿಂತಿರುವುವು, ಮತ್ತು ಪ್ರತಿ ಶರದೃತುವಿನಲ್ಲಿಯೂ ಅವುಗಳ ಒಡೆಯರಲ್ಲಿ ಹೊದಿಕೆಯ ಚರ್ಚೆಯು ಏಳುವುದು. ಅವುಗಳ ಕಿಟಕಿಗಳು ಗಾಜಿನವಲ್ಲ, ಗೀರು ಬೇಗ ಬೀಳುವ ಅಕ್ರಿಲಿಕ್ಕಿನವು. ಆದುದರಿಂದ ಗಾಳಿಗೆ ಬಡಿದಾಡುವ ಹೊದಿಕೆಯೆಂದರೆ ಅವರಿಗೆ ತೇವದಷ್ಟೇ ಭಯ.

ಗಾಳಿಯ ಈ ಭಯವು ನಮಗೂ ಇರಬೇಕಾದುದೇ. ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ; ಆ ಸೀಮೆಯ ಆಷಾಢದ ಗಾಳಿಯು ಹೊದಿಕೆಯನ್ನು ಹಗಲಿರುಳೂ ಅಲುಗಾಡಿಸುವುದು. ಧೂಳಿನಲ್ಲಿರುವ ಮರಳಿನ ಕಣವು ಕಾರಿನ ಲೇಪಕ್ಕಿಂತ ಗಟ್ಟಿಯಾದುದು. ಕಣವು ಒಳಗೆ ಸೇರಿ, ಬಟ್ಟೆಯು ಮೇಲೆ ಉಜ್ಜಿದರೆ, ಬಡಗಿಯ ಮರಳುಕಾಗದದ ಕೆಲಸವೇ ಅಲ್ಲಿ ನಡೆದಂತಾಯಿತು. ಕೊಳೆಯಾದ ಕಾರಿನ ಮೇಲೆ ಅವಸರದಿಂದ ಹೊದಿಕೆ ಎಳೆದು, ವಿಮಾನಕ್ಕೆ ಹೊತ್ತಾಯಿತೆಂದು ಓಡುವವರು ಗೀರುಗಳನ್ನು ತಾವೇ ಬೆಲೆಕೊಟ್ಟು ಕೊಂಡಂತೆ.

ಹಾಗಾದರೆ ಯಾರು ಏನು ಮಾಡತಕ್ಕದ್ದು? ನಮ್ಮ ಅಭಿಪ್ರಾಯದಲ್ಲಿ ಇದನ್ನು ಕಾರನ್ನು ನೋಡಿ ನಿರ್ಣಯಿಸುವುದಲ್ಲ, ಕಾರು ನಿಂತ ಸ್ಥಳವನ್ನೂ ಅದನ್ನು ನೋಡಿಕೊಳ್ಳುವ ಮನುಷ್ಯನನ್ನೂ ನೋಡಿ ನಿರ್ಣಯಿಸತಕ್ಕದ್ದು. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಗೂ, 1,000 ಮಿಲಿಮೀಟರಿನ ಆಸುಪಾಸಿನ ಬೆಂಗಳೂರಿಗೂ, ಬಿಸಿಲೇ ಪ್ರಧಾನವಾದ ಕಲಬುರಗಿಗೂ ಒಂದೇ ಮಾತು ಸಲ್ಲಲಾರದು. ಕರಾವಳಿ, ಮಲೆನಾಡುಗಳಲ್ಲಿ ಮಾಡಿನ ಕೆಳಗೆ ಬರಿಮೈಯಲ್ಲಿ ನಿಲ್ಲಿಸುವುದು ಶ್ರೇಷ್ಠ. ಕಲಬುರಗಿ, ರಾಯಚೂರುಗಳಲ್ಲಿ ಬಿಸಿಲು ಧೂಳುಗಳೇ ಶತ್ರುಗಳಾದುದರಿಂದ ಹೊದಿಕೆಯು ತನ್ನ ಬೆಲೆಯನ್ನು ನಿಜವಾಗಿಯೂ ತೀರಿಸುವುದು. ಬೆಂಗಳೂರು, ಮೈಸೂರುಗಳಲ್ಲಿ ಮನೆಯ ಮುಂದಿನ ಮರದ ಕೆಳಗೆ ನಿಲ್ಲಿಸುವವರು ಆವಿಯನ್ನು ಹೊರಬಿಡುವ ಬಟ್ಟೆಯ ಹೊದಿಕೆಯನ್ನು ಬಳಸಬಹುದು. ಆದರೆ ಹದಿನೈದು ದಿನಕ್ಕೊಮ್ಮೆ ಅದನ್ನು ತೆಗೆದು, ಬಿಸಿಲು ಕಂಡಾಗ ಒಣಗಿಸಿ, ಮರಳಿ ಹೊದಿಸುವವರೊಬ್ಬರು ಇರಲೇಬೇಕು.

ಈ ಕಡೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊದಿಕೆಯು ಕಾರನ್ನು ಮಳೆಯಿಂದ ಮರೆಮಾಡುವಂತೆ ಕಣ್ಣಿನಿಂದಲೂ ಮರೆಮಾಡುವುದು. ಚಕ್ರದ ಗಾಳಿ ಇಳಿದುದು, ಇಲಿಯು ಯಂತ್ರದ ಮೇಲೆ ಗೂಡುಕಟ್ಟಿ ತಂತಿಗಳನ್ನು ಕಡಿದುದು, ಕಿಟಕಿಯಂಚಿನಿಂದ ನೀರು ಸೋರಿ ಆಸನಕ್ಕೆ ಬೂಷ್ಟು ಹಿಡಿದುದು—ಇವೊಂದೂ ದಾರಿಯಲ್ಲಿ ಹೋಗುವ ನೆರೆಯವರಿಗೆ ತಿಳಿಯುವುದಿಲ್ಲ. ಕತ್ತಲೆ, ಬೆಚ್ಚನೆ, ನಿಶ್ಶಬ್ದ: ಇಲಿಗೆ ಇನ್ನೇನು ಬೇಕು! ಎಲೆ ಧೂಳುಗಳು ತುಂಬಿದ ಹೊದಿಕೆಯು ಮನೆಯಲ್ಲಿ ಯಾರೂ ಇಲ್ಲವೆಂದು ಬೀದಿಗೆಲ್ಲ ಸಾರುವುದೂ ಒಂದು ದೋಷವೇ. ಹೊದಿಕೆ ತೆಗೆದು ನೋಡುವವರಿಲ್ಲದಿದ್ದಲ್ಲಿ, ಮಳೆಯ ಸೀಮೆಯಲ್ಲಿ ಹೊದಿಸದಿರುವುದೇ ವಾಸಿ.

ಹೊದಿಸುವುದೆಂದು ನಿಶ್ಚಯವಾದರೆ, ಹಿಂದಿನ ದಿನವೇ ಕಾರನ್ನು ಅಡಿಭಾಗ ಸಹಿತವಾಗಿ ಸಿಹಿನೀರಿನಿಂದ ತೊಳೆಯಿಸಿ, ಸ್ವಲ್ಪ ದೂರ ಓಡಿಸಿ, ಬ್ರೇಕುಗಳೂ ಯಂತ್ರವೂ ಚೆನ್ನಾಗಿ ಒಣಗಿದ ಮೇಲೆ ತಣ್ಣಗಾಗಲು ಬಿಡಬೇಕು. ಒಳಗೆ ಬಿಸ್ಕತ್ತಿನ ಚೂರೂ ಉಳಿಯಬಾರದು. ಕೈಬ್ರೇಕನ್ನು ಎಳೆದಿಟ್ಟರೆ ತೇವಕ್ಕೆ ಹಿಡಿದುಕೊಳ್ಳುವ ಸಂಭವವುಂಟು. ಸಮನೆಲದಲ್ಲಿ ಗೇರಿನಲ್ಲಿ ಬಿಟ್ಟು, ಚಕ್ರಗಳಿಗೆ ಕಲ್ಲನ್ನೋ ಮರದ ತುಂಡನ್ನೋ ಒತ್ತಾಗಿ ಕೊಡಬೇಕು. ಈಗಿನ ಕಾರುಗಳು ನಿಂತಾಗಲೂ ಗಡಿಯಾರ, ಕಾವಲುಗಂಟೆ ಮೊದಲಾದವುಗಳಿಗಾಗಿ ಸ್ವಲ್ಪ ವಿದ್ಯುತ್ತನ್ನು ಕುಡಿಯುತ್ತಲೇ ಇರುವುವು. ಅದು 30 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ, 45 ಆಂಪಿಯರ್-ಗಂಟೆಯ ಬ್ಯಾಟರಿಯು ಒಂದು ತಿಂಗಳಿಗೆ ಅರ್ಧ ಬರಿದಾಗುವುದು. ಆದುದರಿಂದ ಅದರ ಋಣ ತಂತಿಯನ್ನು ಕಳಚಿಡುವುದು ಉಚಿತ. ಹೊದಿಕೆಯು ಕಾರಿನ ಅಳತೆಗೆ ಸರಿಯಾಗಿದ್ದು, ಒಳಮೈ ಮೃದುವಾಗಿ, ಕೆಳಗೆ ಪಟ್ಟಿಗಳಿಂದ ಬಿಗಿಯುವಂತಿರಬೇಕು. ಅಂಚು ನೆಲದಿಂದ ಒಂದು ಗೇಣು ಮೇಲಿದ್ದರೆ ಗಾಳಿಯಾಡುವುದು.

ಊರಿಗೆ ಮರಳಿದ ದಿನ ಹೊದಿಕೆಯನ್ನು ಒಂದು ಕಡೆಯಿಂದ ಹಿಡಿದು ದರದರನೆ ಎಳೆಯಬಾರದು. ಮೊದಲು ಮೇಲಿನ ಧೂಳನ್ನು ನೀರು ಹಾಕಿ ಇಳಿಸಿ, ಕೋಲಿನಿಂದ ಅಂಚನ್ನೆತ್ತಿ ಒಳಗೆ ಹಾವು ಹುಳಗಳಿಲ್ಲವೆಂದು ನೋಡಿಕೊಂಡು, ಇಬ್ಬರು ಎದುರುಬದುರು ನಿಂತು ಎರಡು ಮಗ್ಗುಲುಗಳನ್ನೂ ನಡುವಿಗೆ ಮಡಿಚುತ್ತ ಎತ್ತಿ ತೆಗೆಯಬೇಕು. ಬ್ಯಾಟರಿಯ ತಂತಿಯನ್ನು ಜೋಡಿಸುವ ಮೊದಲು ಯಂತ್ರದ ಮುಚ್ಚಳವನ್ನು ತೆರೆದು ಇಲಿಯ ಕುರುಹನ್ನು ಹುಡುಕಿರಿ. ಮೊದಲ ಒಂದೆರಡು ಫರ್ಲಾಂಗು ಮೆಲ್ಲಗೆ ಓಡಿಸಿ, ಬ್ರೇಕನ್ನು ನಾಲ್ಕಾರು ಸಲ ಒತ್ತಿ ನೋಡಿ, ಆಮೇಲೆ ದೊಡ್ಡ ರಸ್ತೆಗೆ ಹೋಗಬಹುದು.