ಮನೆಯ ಆರ್ಗನ್ನಿಗೆ ಪಿಸ್ಟನ್ ಜೋಡಣೆ

ಹಾರ್ಮೋನಿಯಂ ನುಡಿಸುವವರ ಒಂದು ತೊಡಕನ್ನು ನಮ್ಮ ವಾಚಕರು ಬಲ್ಲರು. ಒಂದು ಕೈ ತಿದಿಯ ಮೇಲೆ, ಇನ್ನೊಂದು ಸ್ವರಗಳ ಮೇಲೆ. ಭಜನೆಯ ನಡುವೆ ಸ್ಟಾಪ್ ಎಳೆದು ನಾದವನ್ನು ಬದಲಿಸಲು ಮೂರನೆಯ ಕೈಯನ್ನು ಎಲ್ಲಿಂದ ತರುವುದು? ಮುಂಬಯಿಯ ಕೋಟೆ ವಿಭಾಗದ ಸೇಂಟ್ ಥಾಮಸ್ ಕೆಥೆಡ್ರಲ್‌ನಲ್ಲಿರುವಂತಹ ಕೊಳವೆ ಆರ್ಗನ್ನಿನಲ್ಲಿ ಈ ತೊಡಕು ಇನ್ನೂ ಹಿರಿದು. ಅಲ್ಲಿ ಸ್ಟಾಪುಗಳು ಹಲವು. ಎರಡು ಕೈಗಳೂ ಎರಡು ಕಾಲುಗಳೂ ಸ್ವರ ನುಡಿಸುವುದರಲ್ಲೇ ತೊಡಗಿರುವುವು.

ಇಂಗ್ಲೆಂಡಿನ ಹೆನ್ರಿ ವಿಲ್ಲಿಸನು 1851ರ ಲಂಡನ್ ಮಹಾಪ್ರದರ್ಶನದಲ್ಲಿಟ್ಟ ಆರ್ಗನ್ನಿನಲ್ಲಿ ಇದಕ್ಕೊಂದು ಉಪಾಯವಿತ್ತು. ಕೀಲಿಮಣೆಯ ಕೆಳಗೆ ಪುಟ್ಟ ಗುಂಡಿಗಳು. ಹೆಬ್ಬೆರಳಿನಿಂದ ಒಂದನ್ನು ಒತ್ತಿದರೆ ಮೊದಲೇ ಗೊತ್ತುಮಾಡಿದ ಸ್ಟಾಪುಗಳೆಲ್ಲ ಒಟ್ಟಿಗೆ ತೆರೆಯುವುವು. ಅವೇ ಪಿಸ್ಟನ್ನುಗಳು. (ಮೋಟಾರಿನ ಪಿಸ್ಟನ್ನಿಗೂ ಇವಕ್ಕೂ ಹೆಸರಿನ ನಂಟಷ್ಟೆ.) ಗಿರಾಕಿಯು 'ರೈಸ್ ಪ್ಲೇಟ್' ಎಂದೊಡನೆ ಅನ್ನ, ಸಾಂಬಾರು, ಪಲ್ಯ, ಹಪ್ಪಳಗಳು ಒಂದೇ ತಟ್ಟೆಯಲ್ಲಿ ಬರುವುದಿಲ್ಲವೇ? ಹಾಗೆಯೇ ಇದು.

ಇಂದು ಕೋಪರಿಯ ಒಂದು ಕೋಣೆಯ ಬಿಡಾರದಲ್ಲಿಯೂ ಇಂತಹ ವಾದ್ಯವನ್ನು ಕಟ್ಟಿಕೊಳ್ಳಲು ಸಾಧ್ಯ. ಎರಡು ಎಲೆಕ್ಟ್ರಾನಿಕ್ ಕೀಲಿಮಣೆಗಳು, ಒಂದು ಕಂಪ್ಯೂಟರು, 'ಗ್ರ್ಯಾಂಡ್‌ಆರ್ಗ್' ಎಂಬ ಉಚಿತ ತಂತ್ರಾಂಶ ಇಷ್ಟಿದ್ದರೆ ನಿಜವಾದ ಕೊಳವೆಗಳಿಂದ ಮುದ್ರಿಸಿಕೊಂಡ ನಾದವೇ ಕೇಳಿಬರುವುದು. ಹೆಡ್‌ಫೋನ್ ಧರಿಸಿದರೆ, ರಾತ್ರಿಪಾಳಿ ಮುಗಿಸಿ ಮಲಗಿದ ನೆರೆಯವರಿಗೂ ತೊಂದರೆಯಿಲ್ಲ. ಪಿಸ್ಟನ್ನುಗಳನ್ನು ಮಾತ್ರ ನಾವೇ ಜೋಡಿಸಬೇಕು. ಒತ್ತುಗುಂಡಿಗಳೂ, ಅವುಗಳ ಸಂಜ್ಞೆಯನ್ನು 1983ರಿಂದ ಬಳಕೆಯಲ್ಲಿರುವ 'ಮಿಡಿ' ಪದ್ಧತಿಗೆ ತಿರುಗಿಸುವ ಸಣ್ಣ ಫಲಕವೂ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ದೊರೆಯುವುವು.

ಗುಂಡಿ ಅಗ್ಗವೆಂದು ಮೂವತ್ತು ನಲವತ್ತನ್ನು ಜಡಿಯುವವರುಂಟು. ನಮಗೆ ಇದು ಒಪ್ಪಿಗೆಯಿಲ್ಲ. ಕಣ್ಣು ಹಾಯಿಸಿ ಹುಡುಕಬೇಕಾದ ಪಿಸ್ಟನ್ನಿಗಿಂತ ಸ್ಟಾಪನ್ನೇ ಎಳೆಯುವುದು ಲೇಸು. ಪ್ರತಿ ಕೀಲಿಮಣೆಯ ಕೆಳಗೆ ನಡುವಿನಲ್ಲಿ ಆ ಮಣೆಗೆ ಮಾತ್ರ ಸಂಬಂಧಿಸಿದ ನಾಲ್ಕು, ಅವುಗಳ ಎಡಕ್ಕೆ ಇಡೀ ವಾದ್ಯವನ್ನು ಆಳುವ ಆರು, ಇಷ್ಟು ಸಾಕು. ಮೊದಲನೆಯದು ಅತಿ ಮೆಲುದನಿ, ಕೊನೆಯದು ತುಂಬುದನಿ ಎಂಬ ಕ್ರಮವಿದ್ದರೆ ಬೆರಳಿಗೆ ಗೊಂದಲವಾಗದು.

ಎಡತುದಿಯಲ್ಲಿ 'ಸೆಟ್' ಇರಲಿ. ಅದನ್ನು ಒತ್ತಿ ಹಿಡಿದು ಯಾವ ಪಿಸ್ಟನ್ನನ್ನು ಒತ್ತುವೆವೋ ಅದರಲ್ಲಿ ಆಗಿನ ಸ್ಟಾಪುಗಳ ಜೋಡಣೆ ಉಳಿಯುವುದು. ಬಲತುದಿಯಲ್ಲಿ, ಎಲ್ಲ ಸ್ಟಾಪುಗಳನ್ನೂ ಮುಚ್ಚುವ 'ಕ್ಯಾನ್ಸಲ್'. ಮಂಗಳದ ಹೊತ್ತಿಗೆ ಹೆಬ್ಬೆರಳು ಜಾರಿ ಇದಕ್ಕೆ ತಗುಲಿತೋ, ವಾದ್ಯ ಮೂಕ! ಆದಕಾರಣ ಈ ಎರಡು ಗುಂಡಿಗಳು ಮರದ ಮೇಲ್ಮೈಗಿಂತ ತುಸು ತಗ್ಗಿನಲ್ಲಿರಬೇಕು. ಕಾಲಿನ ಪೂರ್ಣ ಮಣೆಗೆ ನಮ್ಮ ಕೋಣೆಗಳಲ್ಲಿ ಎಡೆಯೆಲ್ಲಿ? ನೆಲದ ಮೇಲೊಂದು ಹಲಗೆಯಿಟ್ಟು, ಮುಖ್ಯವಾದ ಮೂರು ನಾಲ್ಕು ಪಿಸ್ಟನ್ನುಗಳನ್ನು ಅಲ್ಲಿಯೂ ಒದಗಿಸಿದರೆ ಆಯಿತು.

ಸಂಬಳದಲ್ಲಿ ಉಳಿಸಿದ ಹಣದಿಂದ ಕೊಂಡ ತೇಗದ ಪಟ್ಟಿಯನ್ನು ಒಡನೆಯೇ ಬಡಗಿಗೆ ಒಪ್ಪಿಸಬಾರದು. ಕಾಗದದ ಮೇಲೆ ವೃತ್ತಗಳನ್ನು ಬರೆದು, ಕೀಲಿಮಣೆಯ ಕೆಳಗೆ ಅಂಟಿಸಿ, ಒಂದು ವಾರ ನುಡಿಸಿ ನೋಡಬೇಕು. ಹೆಬ್ಬೆರಳು ತಪ್ಪಿದಲ್ಲೆಲ್ಲ ವೃತ್ತವನ್ನು ಅಳಿಸಿ ಪಕ್ಕಕ್ಕೆ ಬರೆಯಬಹುದು; ಕೊರೆದ ರಂಧ್ರವನ್ನು ಸರಿಸಲು ಬಡಗಿಗೂ ಆಗದು.