ಜಮೀನಿನ ಅಳತೆಗೆ ಯಾವ ಕ್ಯಾಡ್?



ಅಮೀರ್‌ಪೇಟೆಯಲ್ಲಿ ಕ್ಯಾಡ್ ಕಲಿಸುವ ಬೋರ್ಡುಗಳಿಗೆ ಕೊರತೆಯಿಲ್ಲ. ಬೀದರ್, ಕಲಬುರಗಿ, ರಾಯಚೂರಿನ ಕಡೆಯಿಂದ ಬಂದು ಸರ್ವೆ ಕೆಲಸಕ್ಕೆ ಇಳಿಯುವವರು ಮೊದಲು ಕೇಳುವುದು, 'ಯಾವ ಸಾಫ್ಟ್‌ವೇರ್ ಕೊಳ್ಳಲಿ?' ಎಂದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ್ದು ಇನ್ನೊಂದಿದೆ: ನಕ್ಷೆಯನ್ನು ಯಾರಿಗೆ, ಯಾವ ರೂಪದಲ್ಲಿ ಕೊಡಬೇಕು?

ಬಿಲ್ಡರು, ಆರ್ಕಿಟೆಕ್ಟರ ಜೊತೆ ಕೆಲಸವಿದ್ದರೆ ಅವರು ಕೇಳುವುದು ಡಿಡಬ್ಲ್ಯುಜಿ ಫೈಲು. ಅದಕ್ಕೆ ಆಟೋಕ್ಯಾಡ್ ಸಲೀಸು. 2016ರಿಂದ ಅದನ್ನು ಒಮ್ಮೆಗೇ ಕೊಳ್ಳುವಂತಿಲ್ಲ, ಬಾಡಿಗೆಯಂತೆ ಚಂದಾ ಕಟ್ಟಬೇಕು. ರಸ್ತೆ, ಲೇಔಟ್, ಏರುತಗ್ಗಿನ ರೇಖೆಗಳ ಕೆಲಸವಿದ್ದರೆ ಸಿವಿಲ್ 3ಡಿ ಬೇಕಾದೀತು. ಬರೀ ಹೊಲ, ಪ್ಲಾಟುಗಳ ಗಡಿ ಬರೆಯುವವರಿಗೆ ಉಚಿತವಾಗಿ ಸಿಗುವ ಲಿಬ್ರೆಕ್ಯಾಡ್ ಸಾಕು. ಅದು ಡಿಡಬ್ಲ್ಯುಜಿಯಲ್ಲಿ ಉಳಿಸುವುದಿಲ್ಲ, ಆದರೆ ಅದರ ಡಿಎಕ್ಸ್‌ಎಫ್ ಫೈಲನ್ನು ಆಟೋಕ್ಯಾಡ್ ತೆರೆಯುತ್ತದೆ. ಉಪಗ್ರಹ ಚಿತ್ರದ ಮೇಲೆ ನಕ್ಷೆ ಇಟ್ಟು ನೋಡಲು ಕ್ಯೂಜಿಐಎಸ್ ಇದೆ, ಅದೂ ಉಚಿತ. ಕದ್ದ ಪ್ರತಿಯ ಗೋಜಿಗೆ ಹೋಗಬೇಕಾದ ಅಗತ್ಯವೇ ಇಲ್ಲ.

ಇನ್ನು ಬಳಕೆಯ ಮಾತು. ನೀವು ಕೊಟ್ಟ ಅಂಕಿ ಸರಿಯೋ ತಪ್ಪೋ ಎಂದು ಕ್ಯಾಡ್ ಕೇಳುವುದಿಲ್ಲ. ಎಡವುವ ಜಾಗಗಳು ಮುಖ್ಯವಾಗಿ ಮೂರು.

ಒಂದು, ಅಳತೆಯ ಮಾನ. ಹೈದರಾಬಾದಿನಲ್ಲಿ ವ್ಯವಹಾರ ಚದರ ಗಜದಲ್ಲಿ, ನಮ್ಮೂರಲ್ಲಿ ಗುಂಟೆ ಮತ್ತು ಚದರ ಅಡಿಯಲ್ಲಿ. ಒಂದು ಗುಂಟೆಗೆ 121 ಚದರ ಗಜ, ಅಂದರೆ 1089 ಚದರ ಅಡಿ. ಎಕರೆಗೆ 40 ಗುಂಟೆ. ಹಳೆಯ ಟಿಪ್ಪಣಿಯಲ್ಲಿ ಅಳತೆ ಸರಪಳಿ-ಆಣೆಯಲ್ಲಿದ್ದರೆ 33 ಅಡಿಯ ಸರಪಳಿಗೆ 16 ಆಣೆ ಎಂದು ಲೆಕ್ಕ ಹಿಡಿಯಿರಿ. ಗೆರೆ ಎಳೆಯುವ ಮೊದಲೇ ಯೂನಿಟ್ಸ್ ಕಮಾಂಡಿನಲ್ಲಿ ಮೀಟರೋ ಅಡಿಯೋ ಗೊತ್ತುಮಾಡಿ.

ಎರಡು, ವಲಯ. ಜಿಪಿಎಸ್ ಅಳತೆಗೆ ಬಳಸುವ ಯುಟಿಎಂ ಪದ್ಧತಿಯಲ್ಲಿ ಹೈದರಾಬಾದು 44ನೇ ವಲಯದಲ್ಲಿದೆ, ಬೀದರ್ 43ನೇ ವಲಯದಲ್ಲಿ. ನಡುವಿನ ಗಡಿ 78 ಡಿಗ್ರಿ ರೇಖಾಂಶ. ಮುಂಬಯಿ ಹೆದ್ದಾರಿಯಲ್ಲಿ ಸಂಗಾರೆಡ್ಡಿ ಬಿಟ್ಟು ಸದಾಶಿವಪೇಟೆ ಸೇರುವಷ್ಟರಲ್ಲಿ ನೀವು ಅದನ್ನು ದಾಟಿರುತ್ತೀರಿ. ಬೀದರಿನ ಹೊಲವನ್ನು ಮರೆತು 44ನೇ ವಲಯವೆಂದು ಕೊಟ್ಟರೆ ಅದು ವಿಶಾಖಪಟ್ಟಣದ ಕಡಲ ಬಳಿ ಹೋಗಿ ಕೂರುತ್ತದೆ! ಬಿಳಿ ಪರದೆಯ ಕ್ಯಾಡ್‌ನಲ್ಲಿ ಇದು ಕಾಣುವುದಿಲ್ಲ, ಕ್ಯೂಜಿಐಎಸ್‌ನಲ್ಲಿ ತಕ್ಷಣ ಕಾಣುತ್ತದೆ.

ಮೂರು, ಅಂಕಣಗಳ ಸಾಲು. ಟೋಟಲ್ ಸ್ಟೇಷನ್‌ನಿಂದ ಬರುವ ಪಟ್ಟಿಯಲ್ಲಿ ಉತ್ತರದ ಅಂಕಿ ಮೊದಲೋ, ಪೂರ್ವದ್ದು ಮೊದಲೋ ನೋಡಿಕೊಳ್ಳಿ. ಅದಲುಬದಲಾದರೆ ಹೊಲ ಕನ್ನಡಿಯಲ್ಲಿ ಕಂಡಂತೆ ತಿರುಗಿಬಿಡುತ್ತದೆ. ವಿಸ್ತೀರ್ಣ ಮಾತ್ರ ಸರಿಯಾಗಿಯೇ ಬರುವುದರಿಂದ ಅನುಮಾನವೂ ಹುಟ್ಟುವುದಿಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಇಂಥ ನಕ್ಷೆ ಬಂದರೆ ರಸ್ತೆ ಬದಿಯ ಪಾಲು ಯಾರದು ಎಂಬಲ್ಲಿಂದಲೇ ಜಗಳ ಶುರು.

ಇದಕ್ಕೆಲ್ಲ ಸುಲಭದ ಪರೀಕ್ಷೆಯಿದೆ. ಎರಡು ಗಡಿಕಲ್ಲುಗಳ ನಡುವೆ ಟೇಪು ಹಿಡಿದು ಅಳೆಯಿರಿ, ಅದೇ ಅಂತರ ಪರದೆಯ ಮೇಲೆ ಬರುತ್ತದೆಯೇ ನೋಡಿ. ಆಮೇಲೆ ನಕ್ಷೆ ಹಿಡಿದು ಹೊಲದಲ್ಲಿ ನಿಂತು, ಬಾವಿ, ದಾರಿ ತಮ್ಮ ತಮ್ಮ ದಿಕ್ಕಿನಲ್ಲೇ ಇವೆಯೇ ನೋಡಿ.

ಕೊನೆಯದಾಗಿ, ನೀವು ಬರೆದ ಕ್ಯಾಡ್ ನಕ್ಷೆ ಕಚೇರಿಯ ದಾಖಲೆಯಲ್ಲ. ಕರ್ನಾಟಕದಲ್ಲಿ ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದರೆ ಸರ್ಕಾರಿ ಇಲ್ಲವೇ ಪರವಾನಗಿ ಪಡೆದ ಭೂಮಾಪಕರು ತಯಾರಿಸಿದ 11-ಇ ನಕ್ಷೆಯೇ ಬೇಕು. ಊರಿನ ಜಮೀನಿನ ಪಾಲುಪಟ್ಟಿಗೆ ಹೊರಟವರು ಇದನ್ನು ಮರೆಯದಿರಿ.